ಖಸಬಿಗೆ ಒಂದು ದನಿ ತಲುಪಿಸಿದ್ದು

ಅಕ್ಟೋಬರಿನ ಒಂದು ಶುಕ್ರವಾರ ಬೆಳಿಗ್ಗೆ ಐದೂವರೆಗೆ ಮಸ್ಕತ್ತಿನ ಅಲ್ ಖುವೈರಿನಲ್ಲಿ ನಮ್ಮ ಕಟ್ಟಡದ ಕೆಳಗೆ ಹಮೀದ್ ಕಾಕನ ಪಿಕಪ್ ಬಂದು ನಿಂತಿತು. ರಜೆಯ ದಿನ, ಎಲ್ಲರೂ ಮಲಗಿರುತ್ತಾರೆ, ಹಾರ್ನ್ ಹೊಡೆಯಬೇಡಿ ಎಂದು ಹಿಂದಿನ ದಿನವೇ ಬೇಡಿಕೊಂಡಿದ್ದೆ. ಅವರು ಮಾತಿಗೆ ತಪ್ಪಲಿಲ್ಲ. ಹಾರ್ನ್ ಹೊಡೆಯದೆ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಂಟ್ವಾಳದ ಬಸ್ ಸ್ಟ್ಯಾಂಡಿನಲ್ಲಿ ಕೊನೆಯ ಬಸ್ಸಿಗೆ ಜನ ಕರೆಯುವವರ ಹಾಗೆ ನನ್ನ ಹೆಸರು ಕೂಗಿದರು. ಮೂರನೆಯ ಮಹಡಿಯಲ್ಲಿ ಎರಡು ದೀಪ ಹೊತ್ತಿದವು. ನಾನು ಚೀಲ ಹೆಗಲಿಗೇರಿಸಿ ಇಳಿದೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಜೇನುತುಪ್ಪದ ಬಾಟಲಿ, ಒಣಶುಂಠಿ, ಕಲ್ಲುಸಕ್ಕರೆ. ನೋಡಿದವರು ಯಕ್ಷಗಾನದ ಭಾಗವತರು ಮೇಳಕ್ಕೆ ಹೊರಟಿದ್ದಾರೆ ಎಂದುಕೊಳ್ಳಬೇಕು.

ಹೊರಟದ್ದು ಒಮಾನಿನ ಉತ್ತರ ತುದಿಯ ಖಸಬಿಗೆ, ಒಬ್ಬರ ದನಿಯನ್ನು ಅವರಿಗೇ ತಲುಪಿಸಲು. ಇದನ್ನು ಹಮೀದ್ ಕಾಕನಿಗೆ ಅರ್ಥ ಮಾಡಿಸುವಷ್ಟರಲ್ಲಿ ಅಲ್ ಮವಾಲೇಹ್ ಬಂದಿತ್ತು. ಅವರು ಅಲ್ಲಿನ ತರಕಾರಿ ಮಾರ್ಕೆಟ್ಟಿನಿಂದ ಟೊಮೆಟೊ, ಸೌತೆ, ಈರುಳ್ಳಿ ತುಂಬಿಸಿಕೊಂಡು ತಿಂಗಳಿಗೆ ಎರಡು ಸಲ ಖಸಬಿನ ಅಂಗಡಿಗಳಿಗೆ ಒಯ್ಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಒಮಾನಿನಲ್ಲಿದ್ದಾರೆ, ಇಪ್ಪತ್ತೆರಡು ವರ್ಷದಿಂದ ಮುಂದಿನ ವರ್ಷ ಊರಿಗೆ ಹೋಗುತ್ತಾರೆ.

“ಅಲ್ಲ ಮಾರಾಯ,” ಎಂದರು ಕಾಕ, ಟೊಮೆಟೊ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತ. “ಒಬ್ಬನ ಸ್ವರ ಹೋಗಿದೆ ಅಂತ ನೀನು ಸ್ವರ ಕೊಡ್ಲಿಕ್ಕೆ ಅಷ್ಟು ದೂರ ಹೋಗುದಾ? ವಾಟ್ಸಾಪಲ್ಲಿ ಕಳ್ಸಿದ್ರೆ ಆಗುದಿಲ್ವಾ?”

“ಅವರೇ ಎದುರು ಕೂತು ಸರಿ ಮಾಡ್ಬೇಕಂತೆ ಕಾಕ.”

“ಮತ್ತೆ ಈ ಕಂಪ್ಯೂಟರಲ್ಲಿ ಎಂತದೋ ಮಾಡ್ತಾರಲ್ಲ, ಯಾರ ಸ್ವರ ಬೇಕಾದ್ರೂ ಬರ್ತದಂತೆ.”

ಅವರ ಮಗಳು ಅದನ್ನೂ ಮಾಡಿ ನೋಡಿದ್ದಳಂತೆ. ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ತಡ ಎಂದು ಹೇಳುವ ಹೆಂಗಸಿನ ಗಂಡನ ಹಾಗೆ ಕೇಳಿಸಿತಂತೆ.

ನನ್ನ ಪರಿಚಯವನ್ನು ನಾನೇ ಹೇಳಿಕೊಳ್ಳಬೇಕು. ಮೆಲ್ವಿನ್ ಲೋಬೊ, ಉಡುಪಿ ಬಳಿಯ ಶಿರ್ವದವನು. ಕಾಗದದ ಮೇಲೆ ಒಂದು ಬಂದರು ಕಾಮಗಾರಿ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ನಿಜವಾದ ಉದ್ಯೋಗ ಕಂಡವರ ದನಿ ತೆಗೆಯುವುದು, ಅಂದರೆ ಮಿಮಿಕ್ರಿ. ನಮ್ಮ ಮ್ಯಾನೇಜರು ಫೋನಿನಲ್ಲಿ ಹೆಂಡತಿಗೆ ಒಂದು ದನಿ, ಕಂಪನಿಯ ಒಮಾನಿ ಪ್ರಾಯೋಜಕರಾದ ಕಫೀಲರಿಗೆ ಒಂದು ದನಿ ಬಳಸುತ್ತಾರೆ. ಎರಡೂ ನನ್ನ ಬಳಿ ಇವೆ. ಇಗರ್ಜಿಯ ಪಾದ್ರಿಗಳದ್ದಿದೆ, ಕೆಳಗಿನ ಕೆಫೆಟೇರಿಯದ ಮಲಯಾಳಿಯದ್ದಿದೆ. ದೇವರು ನನಗೆ ಸ್ವಂತ ದನಿ ಕೊಡಲು ಮರೆತಿದ್ದಾನೆ ಎಂದು ಅಮ್ಮ ಹೇಳುವುದುಂಟು, ಅದನ್ನೂ ನಾನು ಅಮ್ಮನ ದನಿಯಲ್ಲೇ ಹೇಳುತ್ತೇನೆ.

ಈ ಸಂಗ್ರಹದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ರೆಂಜೊ ಸಾರ್ ಅವರ ದನಿ. ಅವರು ನಮ್ಮ ಆಫೀಸಿನ ಹಿರಿಯ ಎಂಜಿನಿಯರ್, ಇಟಲಿಯವರು. ಆಡ್ರಿಯಾಟಿಕ್ ಕಡಲ ದಂಡೆಯ ಒಂದು ಚಿಕ್ಕ ಊರು ಅವರದು. ಆ ಊರಿಗೆ ಒಂದು ಬೇಸ್‌ಬಾಲ್ ಕ್ಲಬ್ಬು. ಇಟಲಿಯವರು ಬೇಸ್‌ಬಾಲ್ ಆಡುತ್ತಾರೆಯೇ ಎಂದು ನೀವು ಕೇಳುವ ಮುಖವನ್ನು ನಾನೂ ಮಾಡಿದ್ದೆ. ಆಡುತ್ತಾರೆ, ಚೆನ್ನಾಗಿಯೇ ಆಡುತ್ತಾರೆ. ಆ ಚಿಕ್ಕ ಊರಿನ ಕ್ಲಬ್ಬು ದೇಶದ ಚಾಂಪಿಯನ್ ಆದದ್ದನ್ನು ಎಣಿಸಲು ರೆಂಜೊ ಸಾರ್ ಒಂದು ಕೈ ಮುಗಿಸಿ ಎರಡನೆಯದನ್ನು ಎತ್ತುತ್ತಿದ್ದರು. ಒಮಾನಿಗೆ ಬರುವ ಮೊದಲು, ಎಂಜಿನಿಯರ್ ಕೆಲಸದ ಜೊತೆಗೇ, ಮೂವತ್ತು ವರ್ಷ ಅವರು ಆ ಮೈದಾನದ ಮೈಕಿನವರು. ಆಟ ಶುರುವಾಗುವ ಮೊದಲು ಒಂಬತ್ತು ಆಟಗಾರರ ಹೆಸರು ಕೂಗುವುದು ಅವರ ಪಾಲು.

ಕೂಗುವುದಕ್ಕೆ ಅಲ್ಲೊಂದು ಕ್ರಮವಿದೆ. ಮೈಕಿನವರು ನಂಬರು ಹೇಳಬೇಕು, ಮೊದಲ ಹೆಸರು ಹೇಳಬೇಕು, ಅಲ್ಲಿಗೆ ಬಾಯಿ ಮುಚ್ಚಬೇಕು. ಮನೆತನದ ಹೆಸರನ್ನು ಕೂಗುವುದು ಜನ. ಇದನ್ನು ಅವರು ನಮ್ಮ ಆಫೀಸಿಗೂ ತಂದಿದ್ದರು. ಬೆಳಿಗ್ಗೆ ಯಾರಾದರೂ ತಡವಾಗಿ ಬಂದರೆ ತಮ್ಮ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು, ಎರಡೂ ಕೈ ಬಾಯಿಯ ಸುತ್ತ ಹಿಡಿದು ಕೂಗುತ್ತಿದ್ದರು. “ನೂಮೆರೋ ದಿಚಾಸೆತ್ತೆ, ಮೆಲ್ವಿನ್...” ಇಡೀ ಆಫೀಸು ಒಟ್ಟಿಗೆ “ಲೋಬೊ” ಎನ್ನುತ್ತಿತ್ತು. ದಿಚಾಸೆತ್ತೆ ಎಂದರೆ ಹದಿನೇಳು. ಇಟಲಿಯಲ್ಲಿ ಅದು ಅಪಶಕುನದ ಸಂಖ್ಯೆ, ಅವರ ಕ್ಲಬ್ಬಿನಲ್ಲಿ ಯಾರೂ ಆ ಅಂಗಿ ತೊಡುತ್ತಿರಲಿಲ್ಲ. ಖಾಲಿ ಇತ್ತು, ನನಗೆ ಬಂತು.

ಅವರು ಎರಡು ದಿನ ರಜೆ ಹಾಕಿದರೆ ಆ ಬಾಗಿಲಲ್ಲಿ ನಾನು ನಿಲ್ಲುತ್ತಿದ್ದೆ. ನಂಬರಿಗೂ ಹೆಸರಿಗೂ ನಡುವೆ ಅವರು ಗಂಟಲಲ್ಲಿ ಒಂದು ಸಣ್ಣ ಸದ್ದು ಮಾಡುತ್ತಿದ್ದರು, ಮೀನಿನ ಮುಳ್ಳು ಸಿಕ್ಕಿದವರ ಹಾಗೆ. ಜನ ನಗುತ್ತಿದ್ದದ್ದೇ ಅದಕ್ಕೆ, ಆದ್ದರಿಂದ ನಾನು ಅದನ್ನು ಒಂದಕ್ಕೆ ಎರಡು ಮಾಡಿ ತೆಗೆಯುತ್ತಿದ್ದೆ. ಒಂದೂವರೆ ವರ್ಷದ ಹಿಂದೆ ಒಂದು ದಿನ ಪ್ಯಾಂಟ್ರಿಯಲ್ಲಿ ಹೀಗೆ ಮುಳ್ಳು ತೆಗೆಯುತ್ತಿದ್ದಾಗ ನಗುತ್ತಿದ್ದವರೆಲ್ಲ ಒಮ್ಮೆಗೇ ಸುಮ್ಮನಾದರು. ತಿರುಗಿ ನೋಡಿದರೆ ಕಪ್ ಹಿಡಿದುಕೊಂಡು ರೆಂಜೊ ಸಾರ್. ಅವರು ನಗಲಿಲ್ಲ, ಬೈಯಲಿಲ್ಲ. ಕಾಫಿಯನ್ನು ಸಿಂಕಿಗೆ ಚೆಲ್ಲಿ ಹೋದರು. ಮರುವಾರ ಇಟಲಿಗೆ ಹೋದರು. ಮತ್ತೆ ಆಫೀಸಿಗೆ ಬರಲೇ ಇಲ್ಲ. ಗಂಟಲಿನ ಕಾಯಿಲೆ, ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು ಎಂಬ ಸುದ್ದಿ ಆಮೇಲೆ ಬಂತು. ಅಂದಿನಿಂದ ನಾನು ಅವರ ದನಿ ತೆಗೆಯುವುದನ್ನು ಬಿಟ್ಟೆ. ಕೇಳುವವರಿಗೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದೆ.

ಕಳೆದ ತಿಂಗಳು ಅವರ ಮಗಳು ಕಿಯಾರಾಳಿಂದ ಸಂದೇಶ ಬಂತು. ಅವಳು ಖಸಬಿನಲ್ಲಿ ಪ್ರವಾಸಿಗರಿಗೆ ದೋಣಿ ನಡೆಸುತ್ತಾಳೆ, ಅಪ್ಪ ಈಗ ಅವಳ ಬಳಿ ಇದ್ದಾರೆ. ಊರಿನ ಮೈದಾನ ಮಾರಾಟವಾಗಿದೆ. ಫ್ಲಾಟು ಕಟ್ಟುತ್ತಾರೆ. ಈ ಭಾನುವಾರ ಹಳೆಯ ಅಭಿಮಾನಿಗಳು ಕೊನೆಯ ಸಲ ಸೇರುತ್ತಾರೆ. ಮೊದಲು ಚಾಂಪಿಯನ್ ಆದ ತಂಡದ ಒಂಬತ್ತು ಹೆಸರನ್ನು ಅಪ್ಪನ ದನಿಯಲ್ಲಿ ಕೂಗಬೇಕೆಂಬುದು ಅವರ ಆಸೆ, ಅಪ್ಪನದ್ದೂ. ಆದರೆ ದನಿ ಎಲ್ಲೂ ಉಳಿದಿಲ್ಲ. ಕ್ಲಬ್ಬಿನ ಟೇಪುಗಳು ನೆರೆಯಲ್ಲಿ ನೆನೆದು ಹೋದವು. ಇರುವ ಒಂದೆರಡು ವೀಡಿಯೊಗಳಲ್ಲಿ ಡೋಲಿನ ಸದ್ದು ಮಾತ್ರ. “ನೀನು ಅಪ್ಪನ ಹಾಗೆ ಕೂಗುತ್ತೀಯಂತೆ, ಬರುತ್ತೀಯಾ?” ಎಂದು ಬರೆದಿದ್ದಳು. ಹೀಗೆಂದು ಅವಳಿಗೆ ಹೇಳಿದವರು ಯಾರು ಎಂದು ಬರೆದಿರಲಿಲ್ಲ.

ಭಾನುವಾರ ನಮಗೆ ಕೆಲಸದ ದಿನ. ಗಂಟಲು ಬೇನೆ, ರಜೆ ಬೇಕು ಎಂದು ಇಮೇಲ್ ಹಾಕಿದೆ. ಕಳಿಸಿದ ಮೇಲೆ ಓದಿಕೊಂಡು ನಾಚಿಕೆಯಾಯಿತು. ಕಳಿಸಿದ ಇಮೇಲನ್ನು ನುಂಗಲು ಬರುವುದಿಲ್ಲ.

ಬರ್ಕಾ, ಸುವೈಕ್, ಸಹಮ್ ದಾಟಿ ಸೊಹಾರಿನ ಹತ್ತಿರ ಹೆದ್ದಾರಿ ಬದಿಯಲ್ಲಿ ಕರಕ್ ಚಾ ಕುಡಿದೆವು. ಹಮೀದ್ ಕಾಕ ಮನೆಯಿಂದ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು ತಂದಿದ್ದರು. ಒಂದು ಕಡೆ ಖರ್ಜೂರದ ತೋಟ, ಇನ್ನೊಂದು ಕಡೆ ಬೋಳು ಬೆಟ್ಟ, ಬಿಸಿಲು ಆಗಲೇ ಮೂವತ್ತಮೂರಕ್ಕೆ ಏರಿತ್ತು. ಬೇಸ್‌ಬಾಲ್ ಎಂದರೆ ಏನು ಎಂದು ಕಾಕ ಕೇಳಿದರು. ಸುಲಭ, ಕ್ರಿಕೆಟ್ಟಿನ ದಾಂಡು ಹಿಡಿದು ಕುಟ್ಟಿದೊಣ್ಣೆಯ ಹಾಗೆ ಹೊಡೆದು, ಲಗೋರಿಯ ಹಾಗೆ ಓಡುವುದು ಎಂದೆ. ನಾಲ್ಕು ಮೂಲೆ ಸುತ್ತಿ ಹೊರಟಲ್ಲಿಗೇ ಬಂದರೆ ಒಂದು ಅಂಕ.

“ಹೊರಟಲ್ಲಿಗೇ ಬರ್ಲಿಕ್ಕೆ ಅಷ್ಟು ಓಡುದಾ?” ಕಾಕ ಸಾರು ನೆಕ್ಕಿದರು. “ನಮ್ಮ ಹಾಗೆಯೇ ಆಯ್ತಲ್ಲ.”

ಮಸ್ಕತ್ತಿನಿಂದ ಇನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕಿ ದೂರದ ಶಿನಾಸ್ ತಲುಪಿದಾಗ ಹತ್ತೂವರೆ. ಖಸಬ್ ಒಮಾನಿನದ್ದೇ ಆದರೂ ನಡುವೆ ಬೇರೆ ದೇಶದ ನೆಲ ಅಡ್ಡ ಬರುತ್ತದೆ. ರಸ್ತೆಯಲ್ಲಿ ಹೋದರೆ ಎರಡು ಗಡಿ, ಹಡಗಿನಲ್ಲಾದರೆ ಒಂದೂ ಇಲ್ಲ. ರೆಸಿಡೆಂಟ್ ಕಾರ್ಡ್ ತೋರಿಸಿ, ಹದಿನೈದು ರಿಯಾಲಿನ ಒಳಗೆ ಟಿಕೆಟ್ಟು ತೆಗೆದು, ಪಿಕಪ್ಪನ್ನು ಹಡಗಿನ ಹೊಟ್ಟೆಗೆ ಇಳಿಸಿ ಮೇಲೆ ಹತ್ತಿದೆವು. ಒಳಗಿನ ಏಸಿಯ ಚಳಿಗೆ ಟೊಮೆಟೊಗಳನ್ನೂ ಮೇಲೆ ತಂದಿದ್ದರೆ ವಾರ ಇರುತ್ತಿದ್ದವು. ಒಂದು ಗಂಟೆಗೆ ಹಡಗು ಬಿಟ್ಟಿತು. ಎರಡು ಗಂಟೆಗೆ ಹಮೀದ್ ಕಾಕನ ಹೊಟ್ಟೆಯಿಂದ ಕೋಳಿ ಸಾರೂ ಬಿಟ್ಟಿತು. ತರಕಾರಿಯವರಿಗೆ ಕಡಲು ಆಗುವುದಿಲ್ಲ ಎಂದು ನಾನು ನಕ್ಕೆ. ಅರ್ಧ ಗಂಟೆಯ ಬಳಿಕ ಮೀನು ತಿನ್ನುವವರ ಪೈಕಿಯ ನನ್ನದೂ ಅದೇ ಗತಿ. ಕಾಕ ನನಗೊಂದು ಪ್ಲಾಸ್ಟಿಕ್ ಚೀಲ ಕೊಟ್ಟರು.

ಐದರ ಹೊತ್ತಿಗೆ ಮುಸಂದಮ್ ಬೆಟ್ಟಗಳು ಕಾಣಿಸಿದವು. ಅವು ಕಡಲ ದಂಡೆಯಲ್ಲಿ ನಿಂತಿಲ್ಲ, ನೇರ ಕಡಲಿಗೆ ಇಳಿದಿವೆ. ಮರವಿಲ್ಲ, ಹುಲ್ಲಿಲ್ಲ. ಖಸಬಿನ ಬಂದರಿನಲ್ಲಿ ಮೀನಿನ ದೋಣಿಗಳ ಸಾಲು, ಅದರಾಚೆ ಪ್ರವಾಸಿಗರ ದೊಡ್ಡ ಮರದ ದೋಣಿಗಳು, ಎಲ್ಲದರ ನಡುವೆ ಯಾರ ಅಪ್ಪಣೆಗೂ ಕಾಯದ ಆಡುಗಳು.

ಕಿಯಾರಾ ಕಾಯುತ್ತಿದ್ದಳು. ನಲವತ್ತರ ಆಸುಪಾಸು, ಬಿಸಿಲಿಗೆ ನಮ್ಮ ಮಲ್ಪೆಯವರಷ್ಟೇ ಕಂದಿದ ಮುಖ. ಕಾಕ ತರಕಾರಿ ಇಳಿಸಲು ಅಂಗಡಿಗಳತ್ತ ಹೋದರು, ನಾನು ಅವಳ ಜೊತೆ ಮನೆಗೆ ಹೋದೆ. ಅಂಗಳದಲ್ಲಿ ಒಂದು ಬೇವಿನ ಮರ, ಕೆಳಗೆ ಕುರ್ಚಿ, ಕುರ್ಚಿಯಲ್ಲಿ ರೆಂಜೊ ಸಾರ್. ಇಳಿದು ಹೋಗಿದ್ದರು. ಕುತ್ತಿಗೆಗೆ ತೆಳು ನೀಲಿ ಬಟ್ಟೆ. ಗಂಟಲಿಗೆ ಒತ್ತಿ ಹಿಡಿದರೆ ಮಾತಾಡಿಸುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರಂತೆ, ಅದು ಡ್ರಾಯರಿನಲ್ಲಿದೆ ಎಂದಳು ಕಿಯಾರಾ. ತೊಡೆಯ ಮೇಲೆ ಮಕ್ಕಳ ಬಿಳಿ ಸ್ಲೇಟು. ನನ್ನನ್ನು ಕಂಡವರೇ ಎರಡೂ ಕೈ ಬಾಯಿಯ ಸುತ್ತ ಹಿಡಿದರು. ತುಟಿ ಅಲುಗಿತು. ದಿಚಾಸೆತ್ತೆ, ಮೆಲ್ವಿನ್. ಸದ್ದಿಲ್ಲ. ಕೂಗುವ ಆಫೀಸೂ ಇಲ್ಲ. ನಾನು ಹೋಗಿ ಕೈ ಕುಲುಕಿ, ಹೇಗಿದ್ದೀರಿ ಸಾರ್ ಎಂಬ ದರಿದ್ರ ಪ್ರಶ್ನೆ ಕೇಳಿದೆ.

ಸುರ್ಮಾಯಿ ಮೀನಿನ ತುಂಡು ಹಾಕಿದ ಪಾಸ್ತಾ ತಿನ್ನುತ್ತ ಆ ಸಂಜೆ ಕ್ಲಬ್ಬಿನ ಕಥೆ ಕೇಳಿದೆ. ಅವರು ಸ್ಲೇಟಿನಲ್ಲಿ ಬರೆದರು, ಮಗಳು ತುಂಬಿಸಿ ಹೇಳಿದಳು. ಮಹಾಯುದ್ಧ ಮುಗಿದು ಅಮೆರಿಕದ ಸೈನಿಕರು ಊರು ಬಿಡುವಾಗ ಒಂದು ದಾಂಡು, ಮೂರು ಚೆಂಡು, ಒಂದೇ ಒಂದು ಚರ್ಮದ ಕೈಚೀಲ ಬಿಟ್ಟು ಹೋದರು. ಚೆಂಡು ಹಿಡಿಯಲು ಒಂದು ಕೈಗೆ ಹಾಕಿಕೊಳ್ಳುವ ಚೀಲ ಅದು. ಊರಿನ ಚಮ್ಮಾರ ಅದನ್ನು ನೋಡಿ ಎಂಟು ಹೊಲಿದ. ಬಿಟ್ಟು ಹೋದ ಸೈನಿಕ ಎಡಚನಾಗಿದ್ದ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಒಂಬತ್ತೂ ಚೀಲಗಳು ಬಲಗೈಗೇ ಆಗುವಂಥವು. ಆಟವೇ ಹೀಗಿರಬೇಕು ಎಂದುಕೊಂಡು ಇಡೀ ತಂಡ ಒಂದು ವರ್ಷ ಎಡಗೈಯಲ್ಲಿ ಚೆಂಡು ಎಸೆಯಿತು. ಪಕ್ಕದ ಊರಿಗೆ ಹೋದಾಗಲೇ ಎದುರಿನವರು ಬೇರೆ ಕೈಯಲ್ಲಿ ಎಸೆಯುವುದನ್ನು ನೋಡಿದ್ದು. ಆ ದಿನ ಸೋತು ಬಂದ ತಂಡವನ್ನು ಊರಿನವರು, ನೀವು ಸೋಲಲಿಲ್ಲ, ಎದುರಿನವರದೇ ಕೈ ತಪ್ಪು ಎಂದು ಸಮಾಧಾನ ಮಾಡಿದರಂತೆ.

ಆಡುತ್ತಿದ್ದದ್ದು ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ. ಅದೇ ಮುಂದೆ ಮೈದಾನವಾಯಿತು. ಕಾರ್ಖಾನೆಯ ಎತ್ತರದ ಗೋಡೆ ಒಂದು ಬದಿ. ಇಪ್ಪತ್ತು ವರ್ಷದ ಬಳಿಕ ಅದೇ ಅಂಗಳದ ತಂಡ ದೇಶಕ್ಕೆ ಚಾಂಪಿಯನ್ ಆದಾಗ ಮೇಯರು ಅತ್ತರು, ಚಮ್ಮಾರನನ್ನು ಹೆಗಲ ಮೇಲೆ ಹೊತ್ತರು. ಯುರೋಪಿನ ಕಪ್ಪಿಗೆ ಹಾಲೆಂಡಿಗೆ ಹೋದದ್ದು ಮೀನಿನ ಲಾರಿಯಲ್ಲಿ. ಎದುರಾಳಿಗಳು ಹತ್ತಿರ ಬರಲಿಲ್ಲ, ಗೆದ್ದು ಬಂದರು. ಮತ್ತೆ ಪ್ರಾಯೋಜಕರ ಕಾಲ. ಅಲ್ಲಿ ದುಡ್ಡು ಕೊಟ್ಟವರ ಹೆಸರೇ ತಂಡಕ್ಕೆ. ಒಂದು ವರ್ಷ ತಂಡದ ಹೆಸರು ಬಾತ್‌ರೂಮ್ ಟೈಲ್ಸು, ಮರುವರ್ಷ ಹಂದಿ ಮಾಂಸ, ಅದರ ಮರುವರ್ಷ ಕಾಫಿ ಯಂತ್ರ. ಜನ ಮಾತ್ರ ಯಾವ ವರ್ಷವೂ ಊರಿನ ಹೆಸರನ್ನೇ ಕೂಗಿದರು. ಕಾರ್ಖಾನೆ ಮುಚ್ಚಿತು, ಟೈಲ್ಸು, ಮಾಂಸ, ಕಾಫಿ ಎಲ್ಲ ದೊಡ್ಡ ಪೇಟೆಗೆ ಹೋದವು, ಕೊನೆಗೆ ಕ್ಲಬ್ಬೂ ಪೇಟೆಯ ಕ್ಲಬ್ಬಿನ ಜೊತೆ ಸೇರಿ ಕರಗಿತು. ಉಳಿದದ್ದು ಗೋಡೆ ಮತ್ತು ಅಂಗಳ.

ರೆಂಜೊ ಸಾರ್ ಒಂಬತ್ತು ಹೆಸರು ಬರೆದು ಕೊಟ್ಟರು. ಅವರಲ್ಲಿ ಆರು ಮಂದಿ ಈಗ ಇಲ್ಲ. ಯಾರು ಇದ್ದಾರೆ, ಯಾರು ಇಲ್ಲ ಎಂದು ಗುರುತು ಹಾಕಿರಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ದೋಣಿ ಹತ್ತಿದೆವು. ಊರಿನಲ್ಲಿ ಏಸಿಗಳ ಗುಂಯ್‌ಗುಡುವಿಕೆ, ಆಡುಗಳು, ಹಮೀದ್ ಕಾಕ. ರೆಕಾರ್ಡಿಂಗಿಗೆ ನಿಶ್ಶಬ್ದ ಬೇಕಿತ್ತು. ಕಾಕನನ್ನು ಬಾಯಿ ಮುಚ್ಚಿಕೊಂಡಿರುವ ಷರತ್ತಿನ ಮೇಲೆ ಕರೆದುಕೊಂಡೆವು. ದೋಣಿ ನಡೆಸಿದವನು ಖಸಬಿನವನೇ ಆದ ಸಾಲೆಂ. ಬೆಟ್ಟಗಳ ನಡುವೆ ಕಡಲು ಒಳಗೆ ನುಗ್ಗಿದ ಕಡೆಗೆ ಕರೆದೊಯ್ದು ಎಂಜಿನ್ ನಿಲ್ಲಿಸಿದ. ಮೂರೂ ಬದಿ ಬೋಳು ಬಂಡೆ, ಕೆಳಗೆ ಅಲುಗದ ಹಸಿರು ನೀರು.

ಕಿಯಾರಾ ಮೈಕ್ ಹಿಡಿದಳು. ನಾನು ಜೇನು ನೆಕ್ಕಿ, ಕೈ ಬಾಯಿಯ ಸುತ್ತ ಹಿಡಿದು, ನಾಲ್ಕನೆಯ ನಂಬರಿನವನ ಹೆಸರನ್ನು ಆಫೀಸಿನಲ್ಲಿ ತೆಗೆಯುತ್ತಿದ್ದ ಹಾಗೆಯೇ ತೆಗೆದೆ. “ನೂಮೆರೋ ಕ್ವಾತ್ರೊ,” ಗಂಟಲಿನ ಮುಳ್ಳು, “ಜೂಲಿಯೊ...” ಸಾಲೆಂ ನಕ್ಕ. ಹಮೀದ್ ಕಾಕನೂ ನಕ್ಕರು. ಕಿಯಾರಾ ಮೈಕ್ ಇಳಿಸಿದಳು.

“ಮೈದಾನದಲ್ಲಿ ಅಪ್ಪನಿಗೆ ಆ ಸದ್ದು ಇರಲಿಲ್ಲ,” ಎಂದಳು. “ಅದು ಕಾಯಿಲೆ.”

ನಾನು ನೀರು ನೋಡಿದೆ. ಎರಡು ವರ್ಷ ಇಡೀ ಆಫೀಸನ್ನು ನಗಿಸಿದ್ದು ಯಾವುದರಿಂದ ಎಂದು ಆಗ ತಿಳಿಯಿತು. ನಗಿಸಿದ್ದು ಮಾತ್ರವಲ್ಲ, ಒಂದಕ್ಕೆ ಎರಡು ಮಾಡಿದ್ದೆ. ಪ್ಯಾಂಟ್ರಿಯ ದಿನದ ಬಗ್ಗೆ ಕ್ಷಮೆ ಕೇಳಲು ಶುಕ್ರವಾರದಿಂದ ಮಾತು ಜೋಡಿಸಿಕೊಂಡಿದ್ದೆ, ಇಂಗ್ಲಿಷಿನಲ್ಲಿ, ಚೆನ್ನಾಗಿಯೇ ಇತ್ತು. ಬಾಯಿಂದ ಬಂದದ್ದು “ಸಾರ್, ಆ ದಿನ...” ಎಂಬಷ್ಟೇ.

ರೆಂಜೊ ಸಾರ್ ಸ್ಲೇಟು ಎಳೆದುಕೊಂಡರು. ತುಂಬಾ ಹೊತ್ತು ಬರೆದರು. ನನಗೆ ತಿರುಗಿಸಿದಾಗ ಇದ್ದದ್ದು ಇಷ್ಟು. “ನನ್ನ ದನಿ ನನಗೆ ಕೇಳಿಸುತ್ತಿರಲಿಲ್ಲ. ಆ ಸದ್ದು ನನ್ನಲ್ಲಿದೆ ಎಂದು ತಿಳಿದದ್ದು ನಿನ್ನ ಬಾಯಲ್ಲಿ ಕೇಳಿದ ಮೇಲೆ. ಮರುದಿನ ಡಾಕ್ಟರ ಬಳಿ ಹೋದೆ. ದನಿಗೆ ತಡವಾಗಿತ್ತು. ಜೀವಕ್ಕೆ ತಡವಾಗಿರಲಿಲ್ಲ.”

ನಾನು ಓದಿ ಮುಗಿಸುವುದನ್ನು ಕಾದು, ಒರೆಸಿ, ಇನ್ನೊಂದು ಸಾಲು ಬರೆದರು. “ನೀನು ತಪ್ಪಿಲ್ಲದೆ ತೆಗೆಯುತ್ತೀ. ಈಗ ಅದನ್ನು ಬಿಟ್ಟು ತೆಗೆ.”

ಬಿಟ್ಟು ತೆಗೆಯುವುದು ಹೇಗೆ? ನಾನು ಕೇಳಿದ್ದೆಲ್ಲ ಕಾಯಿಲೆಯ ದನಿಯನ್ನು. ಅದರ ಹಿಂದಿನದ್ದು ನನ್ನ ಕಿವಿಗೆ ಬಿದ್ದೇ ಇಲ್ಲ. ಮೂರು ಸಲ ಪ್ರಯತ್ನಿಸಿದೆ. ಒಂದು ಸಲ ಪಾದ್ರಿಗಳು ಬಂದರು, ಒಂದು ಸಲ ಮ್ಯಾನೇಜರು. ಆಗ ಕಿಯಾರಾ ಹೇಳಿದಳು, ಚಿಕ್ಕವಳಿದ್ದಾಗ ಅವಳು ಕಡಲಲ್ಲಿ ಈಜುತ್ತ ದೂರ ಹೋಗುತ್ತಿದ್ದಳಂತೆ. ಊಟದ ಹೊತ್ತಿಗೆ ಅಪ್ಪ ದಂಡೆಯಲ್ಲಿ ನಿಂತು ಮೈದಾನದಲ್ಲಿ ಕೂಗುವ ಹಾಗೆಯೇ ಅವಳನ್ನು ಕರೆಯುತ್ತಿದ್ದರು. ಗದರಿಸುವ ಕೂಗಲ್ಲ, ಬಂದೇ ಬರುತ್ತಾಳೆ ಎಂದು ಗೊತ್ತಿರುವವರ ಕೂಗು.

ಅದು ಹಿಡಿದ ಹಾಗಾಯಿತು. ಗಂಟಲನ್ನು ಸಡಿಲ ಬಿಟ್ಟು, ದೂರದಲ್ಲಿ ಯಾರೋ ಈಜುತ್ತಿದ್ದಾರೆ ಎಂದುಕೊಂಡು ಕೂಗಿದೆ. ರೆಂಜೊ ಸಾರ್ ತಲೆಯಾಡಿಸಿದರು. ಆದರೆ ಎರಡನೆಯ ಹೆಸರಿಗೆ ಹೋಗುವಷ್ಟರಲ್ಲಿ ಮುಷ್ಟಿ ಎತ್ತಿ ನಿಲ್ಲಿಸಿದರು. ಮತ್ತೆ ಕೂಗಿದೆ, ಮತ್ತೆ ಮುಷ್ಟಿ. ಐದು ಸಲ ಹೀಗಾಯಿತು. ಕೊನೆಗೆ ಅವರು ನನ್ನ ಕೈ ಹಿಡಿದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಒಂದು ಉಸಿರು, ಎರಡು ಉಸಿರು, ಆಮೇಲೆ ಬಿಟ್ಟರು. ನಾನು ಜನರ ಪಾಲಿನ ಖಾಲಿಯನ್ನು ಮೊಟಕು ಮಾಡುತ್ತಿದ್ದೆ. ನಗಿಸುವವನಿಗೆ ಸುಮ್ಮನಿರುವುದೆಂದರೆ ಭಯ. ಯಾರೂ ನಗದಿದ್ದರೆ ಎಂದು ಮುಂದಿನ ಮಾತನ್ನು ಮೊದಲೇ ತುರುಕುತ್ತೇವೆ. ಸಾರ್ ಬರೆದರು, “ಸತ್ತವರಿಗೂ ಅಷ್ಟೇ ಹೊತ್ತು ಬಿಡಬೇಕು.”

ಆಗ ನನಗೆ ಪಪ್ಪನ ಫೋನು ನೆನಪಾಯಿತು. ಪಪ್ಪ ಇದೇ ಮಸ್ಕತ್ತಿನಲ್ಲಿ ಹದಿನೆಂಟು ವರ್ಷ ಸ್ಟೋರ್ ಕೀಪರ್ ಆಗಿದ್ದರು. ಶುಕ್ರವಾರ ಶುಕ್ರವಾರ ಪಕ್ಕದ ಮನೆಗೆ ಫೋನ್ ಬರುತ್ತಿತ್ತು. “ಮೆಲ್ವೀ...” ಎಂದು ಪಪ್ಪ ನಿಲ್ಲಿಸುತ್ತಿದ್ದರು. ಆಗಿನ ಲೈನು ನಿಧಾನ. ಅವಸರದಲ್ಲಿ ಮಾತಾಡಿದರೆ ಎರಡು ಕಡೆಯ ಮಾತೂ ಡಿಕ್ಕಿ ಹೊಡೆದು ಎರಡೂ ಹಾಳು. ಆದ್ದರಿಂದ ಪಪ್ಪ ಇಲ್ಲಿ ಕಾಯುತ್ತಿದ್ದರು, ನಾನು ಊರಲ್ಲಿ ಕಾಯುತ್ತಿದ್ದೆ. ಆ ಖಾಲಿಯಲ್ಲಿ ಸೊಂಯ್ ಎಂಬ ಒಂದು ಸದ್ದು. ಮಧ್ಯದಲ್ಲಿರುವ ಕಡಲೇ ಅದು ಎಂದು ನಾನು ನಂಬಿದ್ದೆ. ಈಗ ಪಪ್ಪ ಊರಲ್ಲಿದ್ದಾರೆ, ದಿನಕ್ಕೆ ಎರಡು ಸಲ ವೀಡಿಯೊ ಕಾಲ್ ಮಾಡಿ ಮದುವೆಯ ಬಗ್ಗೆ ಉಪದೇಶ ಮಾಡುತ್ತಾರೆ. ಈಗಿನ ಲೈನಿನಲ್ಲಿ ಖಾಲಿ ಎಂಬುದೇ ಇಲ್ಲ.

ಕಣ್ಣು ಮುಚ್ಚಿ ಕೂಗಿದೆ. “ನೂಮೆರೋ ಕ್ವಾತ್ರೊ, ಜೂಲಿಯೊ...” ಕಾದೆ. ಒಂದು ಉಸಿರಿನ ಬಳಿಕ ಎದುರಿನ ಬಂಡೆಯಿಂದ ನನ್ನ ದನಿ ತಿರುಗಿ ಬಂತು, ಸ್ವಲ್ಪ ತಗ್ಗಿ, ಸ್ವಲ್ಪ ಹಳೆಯದಾಗಿ. ರೆಕಾರ್ಡಿಂಗ್ ಕೆಟ್ಟಿತು ಎಂದುಕೊಂಡು ಕಣ್ಣು ತೆರೆದರೆ ರೆಂಜೊ ಸಾರ್ ಎದ್ದು ನಿಂತಿದ್ದರು. ಮುಷ್ಟಿ ಎತ್ತಿರಲಿಲ್ಲ. ಕಿಯಾರಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಸಕ್ಕರೆ ಕಾರ್ಖಾನೆಯ ಗೋಡೆ ಎಂದಳು ಆಮೇಲೆ. ಅಲ್ಲಿಯೂ ಅಪ್ಪನ ಕೂಗು ಗೋಡೆಗೆ ಬಡಿದು ಹೀಗೆಯೇ ವಾಪಸು ಬರುತ್ತಿತ್ತಂತೆ. ಜನ ಅದನ್ನು ಕಾದು ಕೂಗುತ್ತಿದ್ದರಂತೆ. ಒಂಬತ್ತೂ ಹೆಸರನ್ನು, ಪ್ರತಿಯೊಂದಕ್ಕೂ ಅದರ ಖಾಲಿ ಬಿಟ್ಟು, ಒಂದೇ ಪಟ್ಟಿಗೆ ಮುಗಿಸಿದೆ. ದೋಣಿ ಬಂದರಿಗೆ ಬಂದು ಫೋನಿಗೆ ಸಿಗ್ನಲ್ ಸಿಕ್ಕಿದೊಡನೆ ಕಿಯಾರಾ ಅದನ್ನು ಕಳಿಸಿದಳು. ಹತ್ತನೆಯವನಾಗಿ ನನ್ನನ್ನೂ ಸೇರಿಸಿ ಸಾರ್ ಎಂದು ಹಲ್ಲು ಕಿರಿದೆ. ಅವರು ಹದಿನೇಳು ಎಂದು ಬರೆದು, ಹೊಡೆದು ಹಾಕಿ, ಬೆರಳಾಡಿಸಿದರು. ಆ ಅಂಗಿ ಅಲ್ಲಿ ಇಲ್ಲವೇ ಇಲ್ಲ.

ಭಾನುವಾರ ಹಡಗು ಒಂದು ಗಂಟೆಗೆ. ಇಟಲಿಯಲ್ಲಿ ನಮಗಿಂತ ಎರಡು ಗಂಟೆ ಹಿಂದೆ, ಅಲ್ಲಿ ಹತ್ತೂವರೆಗೆ ಸಭೆ. ಹನ್ನೆರಡೂವರೆಗೆ ಬಂದರಿನ ತಗಡಿನ ನೆರಳಲ್ಲಿ ನಾವು ನಾಲ್ವರು ಕಿಯಾರಾಳ ಫೋನಿನ ಸುತ್ತ ಬಗ್ಗಿ ನಿಂತೆವು. ಅಲ್ಲಿಂದ ಯಾರೋ ಸಂಬಂಧಿಕರು ವೀಡಿಯೊ ಕಾಲ್ ಹಿಡಿದಿದ್ದರು. ಚಿತ್ರ ಕುಲುಕುತ್ತಿತ್ತು. ಹುಲ್ಲು ಬೆಳೆದ ಅಂಗಳ, ಇಟ್ಟಿಗೆಯ ಗೋಡೆ, ಕೊಡೆ ಹಿಡಿದ ಜನ. ಅಲ್ಲಿ ಮಳೆ. ಇಲ್ಲಿ ಹಮೀದ್ ಕಾಕನ ಗಲ್ಲದಿಂದ ಬೆವರು ಫೋನಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಮೈದಾನದ ಧ್ವನಿವರ್ಧಕ ಕರಕರ ಎಂದಿತು. ಆಮೇಲೆ ನಾನು. ನಾನಲ್ಲ. “ನೂಮೆರೋ ಕ್ವಾತ್ರೊ, ಜೂಲಿಯೊ...” ಖಾಲಿ. ಯಾರೂ ಕೂಗದಿದ್ದರೆ ಎಂದುಕೊಂಡೆ. ಗೋಡೆಯಿಂದ ದನಿ ತಿರುಗಿತು. ಆಮೇಲೆ ಕೊಡೆ, ಟೋಪಿ, ಮುದುಕರು, ಮಕ್ಕಳು, ಎಲ್ಲ ಸೇರಿ ಒಂದೇ ಬಾಯಿಂದ ಆ ಮನೆತನದ ಹೆಸರನ್ನು ಕೂಗಿದರು. ಫೋನಿನ ಪುಟ್ಟ ಸ್ಪೀಕರು ಅದನ್ನು ತಡೆಯಲಾರದೆ ಒಡೆದ ಸದ್ದು ಮಾಡಿತು. ಒಂಬತ್ತು ಸಲ. ರೆಂಜೊ ಸಾರ್ ಫೋನನ್ನು ನೋಡುತ್ತಿರಲಿಲ್ಲ. ಕಡಲಿನ ಕಡೆಗೆ ತಿರುಗಿ, ಪ್ರತಿ ಖಾಲಿಯಲ್ಲಿ ಜನರ ಜೊತೆಗೆ ತುಟಿ ಆಡಿಸುತ್ತಿದ್ದರು.

ಹಮೀದ್ ಕಾಕ ಕಣ್ಣೊರೆಸಿಕೊಂಡು, ಈ ಬಿಸಿಲು ಸಾವು ಮಾರಾಯ ಎಂದರು.

ಹಡಗು ಹತ್ತುವ ಕರೆ ಬಂತು. ವಿದಾಯ ಹೇಳುವಾಗ ಸಾರ್ ನನ್ನ ಗಂಟಲ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ತಟ್ಟಿದರು. ಜೋಪಾನ ಎಂದೋ, ಸಾಕು ಮಾಡು ಎಂದೋ, ನಾನು ಕೇಳಲಿಲ್ಲ. ಮೇಲಿನ ಡೆಕ್ಕಿಗೆ ಬಂದು ನಿಂತಾಗ ಹಗ್ಗ ಬಿಚ್ಚಿದ್ದರು. ಬಂದರಿನ ಕಟ್ಟೆಯ ತುದಿಯಲ್ಲಿ ಕಿಯಾರಾ ಕೈ ಬೀಸುತ್ತಿದ್ದಳು. ಪಕ್ಕದಲ್ಲಿ ಸಾರ್ ಸ್ಲೇಟನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಅದರಲ್ಲಿ ದಪ್ಪಗೆ ಹದಿನೇಳು. ಹೊಡೆದು ಹಾಕಿರಲಿಲ್ಲ.

ನಾನು ಕೈ ಬಾಯಿಯ ಸುತ್ತ ಹಿಡಿದೆ. ಕಟ್ಟೆಗೂ ಹಡಗಿಗೂ ನಡುವೆ ನೀರು ಅಗಲವಾಗುತ್ತಿತ್ತು. “ನೂಮೆರೋ ದಿಚಾಸೆತ್ತೆ, ಮೆಲ್ವಿನ್...”

ಪಕ್ಕದಲ್ಲಿ ಹಮೀದ್ ಕಾಕ ಕೂಗಲು ಬಾಯಿ ತೆರೆದರು. ನಾನು ಅವರ ತೋಳು ಹಿಡಿದೆ. ಒಂದು ಉಸಿರು. ಎರಡು. ಸ್ಲೇಟು ಕೆಳಗಿಳಿಯಿತು, ಸಾರ್ ಅವರ ಮುಖ ಕಾಣಿಸಿತು. ನನ್ನ ಮನೆತನದ ಹೆಸರಿಗೆ ತುಟಿಗಳು ಎರಡು ಸಲ ದುಂಡಾದವು, ಒಮ್ಮೆ ಉದ್ದಕ್ಕೆ, ಒಮ್ಮೆ ಚಿಕ್ಕದಾಗಿ.